ನೀರೇಕೆ ಉರಿಯದು?

ಜಲಜನಕವು ತಾನೇ ಹೊತ್ತಿ ಉರಿಯುವ ಅನಿಲ. ಆಮ್ಲಜನಕವು ಪರವಸ್ತುಗಳ ಉರಿಗೆ ಆಧಾರವಾದ ಅನಿಲ. ಇವೆರಡೂ ಕೂಡಿ ಆದ ನೀರು ಉರಿಯುವುದಂತಿರಲಿ, ಉರಿಯುವುದನ್ನೂ ನಂದಿಸುತ್ತದೆ. ಇದು ಹೇಗೆಂದು ನಮ್ಮ ತರಗತಿಯಲ್ಲಿ ವರ್ಷಕ್ಕೊಬ್ಬ ಹುಡುಗನಾದರೂ ಕೇಳುತ್ತಿದ್ದನು. ವಾಚಕರ ಮನೆಯ ಮಕ್ಕಳೂ ಕೇಳದೆ ಬಿಡರು. "ಅದು ನೀರಿನ ಸ್ವಭಾವ" ಎಂದರೆ ಉತ್ತರವಾಗದು.

ಉರಿಯುವುದೆಂದರೆ ಸಾಮಾನ್ಯವಾಗಿ ಆಮ್ಲಜನಕದೊಡನೆ ಕೂಡುವುದು. ಸೌದೆ ಉರಿದು ಉಳಿದ ಬೂದಿಯನ್ನು ಮರಳಿ ಒಲೆಗೆ ಹಾಕಿದರೆ ಉರಿಯುವುದುಂಟೆ? ನೀರೂ ಅಂಥದೇ; ಅದು ಜಲಜನಕದ ಬೂದಿ. ಕೂಡಬೇಕಾದ ಆಮ್ಲಜನಕವೆಲ್ಲವೂ ಅದರಲ್ಲಿ ಆಗಲೇ ಕೂಡಿಹೋಗಿದೆ. ೯ ತೊಲ ನೀರಿನಲ್ಲಿ ೮ ತೊಲವು ಆಮ್ಲಜನಕವೇ! ಇಂಗ್ಲೆಂಡಿನ ಕ್ಯಾವೆಂಡಿಷ್ ಎಂಬ ಪಂಡಿತನು ಜಲಜನಕವನ್ನು ಗಾಳಿಯೊಡನೆ ಉರಿಸಿ ನೀರನ್ನು ಪಡೆದನು. ನೀರು ಮೂಲವಸ್ತುವಲ್ಲ, ಸಂಯುಕ್ತವೆಂದು ಫ್ರಾನ್ಸಿನ ಲವಾಸಿಯೆಯು ೧೭೮೩ರಲ್ಲಿ ಸಾರಿದನು. ಆ ಅನಿಲಕ್ಕೆ ಅವರಿಟ್ಟ ಗ್ರೀಕ್ ಹೆಸರಿನ ಅರ್ಥವೂ ನೀರನ್ನು ಹುಟ್ಟಿಸುವುದು ಎಂದೇ. ಪಂಚಭೂತಗಳಲ್ಲೊಂದನ್ನು ಒಡೆಯಬಹುದೆಂದರೆ ನಮ್ಮಂಥ ಸಂಸ್ಕೃತಪಾಠಿಗಳಿಗೆ ಮೊದಲು ಕಸಿವಿಸಿಯೇ. ಆದರೆ ಭೂತವೆಂಬುದು ಇಂದ್ರಿಯಾನುಭವವನ್ನು ನೋಡಿ ಮಾಡಿದ ವಿಭಾಗ, ತಕ್ಕಡಿಯಲ್ಲಿ ತೂಗಿ ಮಾಡಿದುದಲ್ಲ, ಹೀಗೆಂದುಕೊಂಡರೆ ಕಲಹವಿಲ್ಲ.

ಆಮ್ಲಜನಕಕ್ಕಿಂತಲೂ ಉಗ್ರವಾದ ಫ್ಲೋರೀನ್ ಅನಿಲದಲ್ಲಿ ಮಾತ್ರ ನೀರೂ ಉರಿಯುತ್ತದೆ. ಅದು ರಸಾಯನಶಾಲೆಯ ಮಾತು, ಗೃಹಸ್ಥರಿಗೆ ಬೇಡ.

ಗೃಹಸ್ಥರಿಗೆ ಬೇಕಾದುದು ನೀರು ಬೆಂಕಿಯನ್ನು ನಂದಿಸುವ ಬಗೆ. ಹಿಮದಷ್ಟು ತಣ್ಣನೆಯ ನೀರನ್ನು ಕುದಿ ಬರಿಸಲು ಎಷ್ಟು ಶಾಖ ಬೇಕೋ, ಕುದಿಯುವ ನೀರನ್ನು ಪೂರ್ತಿಯಾಗಿ ಆವಿ ಮಾಡಲು ಅದರ ಐದು ಪಟ್ಟಿಗಿಂತ ಹೆಚ್ಚು ಬೇಕು. ಆ ಶಾಖವನ್ನೆಲ್ಲ ನೀರು ಉರಿಯುವ ವಸ್ತುವಿನಿಂದಲೇ ಕಸಿದುಕೊಳ್ಳುತ್ತದೆ. ಆವಿಯಾದ ಮೇಲೆ ಸುಮಾರು ೧,೭೦೦ ಪಟ್ಟು ಹಿಗ್ಗಿ, ಸುತ್ತಣ ಗಾಳಿಯನ್ನು ದೂರ ತಳ್ಳುತ್ತದೆ.

ಸೌದೆಗೂ ಬಟ್ಟೆಗೂ ಹಿಡಿದ ಬೆಂಕಿಗೆ ಉಪಕಾರಿಯಾದ ಈ ಹಿಗ್ಗುವಿಕೆಯೇ ಎಣ್ಣೆಯ ಬೆಂಕಿಯಲ್ಲಿ ಪ್ರಾಣಾಪಾಯಕರ. ಹಬ್ಬದ ದಿನ ಕರಿಯುವ ಬಾಣಲೆಗೆ ಬೆಂಕಿ ಹೊತ್ತಿತೆಂದು ಗಾಬರಿಯಿಂದ ಒಂದು ಚೆಂಬು ನೀರು ಸುರಿದರೆ, ಎಣ್ಣೆಗಿಂತ ಭಾರವಾದ ನೀರು ಕೆಳಗಿಳಿಯುತ್ತದೆ. ಅಲ್ಲಿ ಕ್ಷಣಾರ್ಧದಲ್ಲಿ ಆವಿಯಾಗಿ ಸಿಡಿದು, ಉರಿಯುವ ಎಣ್ಣೆಯನ್ನು ಸುರಿದವರ ಮೈಮೇಲೆಯೇ ಎರಚುತ್ತದೆ. ಆದುದರಿಂದ ನೀರಿನ ಕಡೆಗೆ ಕೈ ಚಾಚದೆ, ಒಲೆಯನ್ನು ಆರಿಸಿ, ಬಾಣಲೆಯ ಬಾಯಿ ಪೂರ್ತಿ ಮುಚ್ಚುವಂಥ ಲೋಹದ ತಟ್ಟೆಯನ್ನು ಪಕ್ಕದಿಂದ ಸರಿಸಿ ಮುಚ್ಚಬೇಕು. ಬಾಣಲೆಯನ್ನು ಎತ್ತಿಕೊಂಡು ಹೊರಗೆ ಓಡಲೇಬಾರದು. ಉರಿ ಅಡಗಿತೆಂದು ಒಡನೆಯೇ ತಟ್ಟೆಯನ್ನು ತೆಗೆದು ನೋಡುವುದೂ ಸಲ್ಲದು. ಕಾದ ಎಣ್ಣೆಗೆ ಗಾಳಿ ಸೋಕಿದರೆ ಮರಳಿ ಹೊತ್ತಿಕೊಳ್ಳುವುದು.