ಸಹಿ ದಿಲ್ಲಿಯಲ್ಲಿ, ಸುಡುವ ಬೆರಳು ಶಿಡ್ಲಘಟ್ಟದಲ್ಲಿ

ಬೆಂದ ರೇಷ್ಮೆ ಗೂಡುಗಳ ಬೇಸಿನ್ನಿನೊಳಗೆ ಬರಿಗೈ ಇಟ್ಟು, ಹೊಗೆಯಾಡುವ ನೀರಿನಲ್ಲಿ ಎಳೆಯ ತುದಿಯನ್ನು ಹುಡುಕಿ ತೆಗೆಯುವ ಹೆಣ್ಣುಮಕ್ಕಳನ್ನು ಶಿಡ್ಲಘಟ್ಟ, ರಾಮನಗರ, ದೇವನಹಳ್ಳಿಯ ವಿಜಯಪುರದ ಓದುಗರು ಬಲ್ಲರು. ಬಲ್ಲರು ಮಾತ್ರವಲ್ಲ, ಅವರಲ್ಲಿ ಅನೇಕರು ನಮ್ಮದೇ ಮನೆಗಳವರು. ಅವರ ಬೆರಳ ಸಂದಿಯ ಹುಣ್ಣು ವಾಸಿಯಾಗುವುದಿಲ್ಲ. ಬಟ್ಟೆಗೆ ಹತ್ತಿದ ಸತ್ತ ಹುಳುವಿನ ವಾಸನೆ ಎಷ್ಟು ಒಗೆದರೂ ಹೋಗುವುದಿಲ್ಲ. ಈ ಕೈಗಳಿಗೂ ದಿಲ್ಲಿಯಲ್ಲಿ ಕ್ಯಾಮೆರಾಗಳ ಎದುರು ಸಹಿಯಾಗುವ ಮುಕ್ತ ವ್ಯಾಪಾರ ಒಪ್ಪಂದಗಳಿಗೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಸಂಬಂಧವಿದೆ. ಅದನ್ನು ಅರಿಯದಂತೆ ನಮ್ಮನ್ನು ಇಟ್ಟಿರುವುದೇ ಈ ರಾಜಕಾರಣದ ಜಾಣ್ಮೆ.

2011ರ ಕೇಂದ್ರ ಮುಂಗಡಪತ್ರವನ್ನು ನೆನಪಿಸಿಕೊಳ್ಳೋಣ. ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಅಂದು ಶೇ. 30ರಿಂದ ಒಮ್ಮೆಲೇ ಶೇ. 5ಕ್ಕೆ ಇಳಿಸಲಾಯಿತು. ಅದು ಬಜೆಟ್ ಭಾಷಣದ ಗದ್ದಲದಲ್ಲಿ ಯಾರ ಕಿವಿಗೂ ಬೀಳದಂತಹ ಒಂದು ಸಾಲು. ಸೀರೆ ನೇಯುವವರಿಗೆ ಅಗ್ಗದ ನೂಲು ಸಿಗಲಿ ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ. ಆದರೆ ಚೀನಾದ ನೂಲು ಹಿತ್ತಲಿನ ಚರಕದಲ್ಲಿ ತೆಗೆದ ನೂಲಲ್ಲ. ಅದು ಸ್ವಯಂಚಾಲಿತ ಯಂತ್ರಗಳಿಂದ ಒಂದೇ ಗಾತ್ರದಲ್ಲಿ ಹೊರಬರುವ, ಪ್ರಪಂಚದ ಅತಿ ದೊಡ್ಡ ರೇಷ್ಮೆ ಉತ್ಪಾದಕ ರಾಷ್ಟ್ರದ ನೂಲು. ಅದರೆದುರು ನಮ್ಮ ಕಾಟೇಜ್ ಬೇಸಿನ್ನಿನ ಮಾಲು ಎಷ್ಟು ದಿನ ನಿಂತೀತು? ಗೂಡಿನ ಬೆಲೆ ಕುಸಿಯಿತು. ಹಿಪ್ಪುನೇರಳೆ ಬೆಳೆದ ರೈತ ಬೀದಿಗಿಳಿದ. ಅವನ ಕೂಗು ಪತ್ರಿಕೆಗಳಲ್ಲಿ ಬಂತು, ಬರಲೇಬೇಕಿತ್ತು. ಆದರೆ ಆ ಗೂಡನ್ನು ಕೊಂಡು ನೂಲು ಬಿಚ್ಚುವ ಸಣ್ಣ ರೀಲರ್, ಅವನ ಬಳಿ ದಿನಗೂಲಿಗೆ ದುಡಿಯುವ ಹೆಂಗಸು, ಹುರಿ ಯಂತ್ರದ ಹುಡುಗ, ಇವರ ಹೆಸರು ಯಾವ ಮನವಿಪತ್ರದಲ್ಲಿತ್ತು?

2013ರ ಬಜೆಟ್ಟಿನಲ್ಲಿ ಸುಂಕ ಶೇ. 15ಕ್ಕೆ ಏರಿತು. ನಂತರ ಶೇ. 10ಕ್ಕೆ ಇಳಿಯಿತು. 2021ರಲ್ಲಿ ಪುನಃ ಶೇ. 15 ಆಯಿತು. ಹತ್ತು ವರ್ಷಗಳಲ್ಲಿ ಇಷ್ಟು ಹಾವು ಏಣಿ! ಆದರೂ ಇದರಲ್ಲಿ ಒಂದು ಸಮಾಧಾನವಿತ್ತು. ಕೂಗಿದರೆ ಏರಿಸಬಹುದಾದ ಸುಂಕ ಅದಾಗಿತ್ತು. ಕೀಲಿಕೈ ದಿಲ್ಲಿಯಲ್ಲಿತ್ತು, ದಿಲ್ಲಿಗೆ ನಮ್ಮ ಮತ ಬೇಕಿತ್ತು. ಮುಕ್ತ ವ್ಯಾಪಾರ ಒಪ್ಪಂದವು ಕಸಿದುಕೊಳ್ಳುವುದು ಈ ಕೀಲಿಕೈಯನ್ನೇ. ಒಪ್ಪಂದದ ಪಟ್ಟಿಯಲ್ಲಿ ಒಂದು ಸರಕಿನ ಸುಂಕವನ್ನು ಇಷ್ಟಕ್ಕೆ ಇಳಿಸುತ್ತೇವೆಂದು ಬರೆದುಕೊಟ್ಟ ಮೇಲೆ, ಶಿಡ್ಲಘಟ್ಟದವರು ರಸ್ತೆಯಲ್ಲಿ ಮಲಗಿದರೂ ಯಾವ ಅರ್ಥ ಸಚಿವನೂ ಅದನ್ನು ಮುಂದಿನ ಬಜೆಟ್ಟಿನಲ್ಲಿ ಸುಲಭವಾಗಿ ಏರಿಸಲಾರ. ಬಜೆಟ್ಟಿನ ತಪ್ಪಿಗೆ ಒಂದು ವರ್ಷದಲ್ಲಿ ಮದ್ದುಂಟು. ಒಪ್ಪಂದದ ತಪ್ಪು ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಇದು ನಮ್ಮ ಊಹೆಯಲ್ಲ. ಕೊಡಗು, ಚಿಕ್ಕಮಗಳೂರಿನ ಕಾಳುಮೆಣಸಿನ ಬೆಳೆಗಾರರನ್ನು ಕೇಳಿ ನೋಡಿ. ಶ್ರೀಲಂಕಾ ಜೊತೆ 1998ರಲ್ಲಿ ಸಹಿಯಾದ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಸಣ್ಣ ನೆರೆರಾಷ್ಟ್ರಕ್ಕೆ ಕೊಟ್ಟ ರಿಯಾಯಿತಿಯನ್ನು ಯಾರೂ ಆಕ್ಷೇಪಿಸಬೇಕಿರಲಿಲ್ಲ. ಆದರೆ ವಿಯೆಟ್ನಾಮಿನ ಮೆಣಸು ಲಂಕೆಯ ವೇಷ ಹಾಕಿಕೊಂಡು ಅದೇ ಬಾಗಿಲಿನಿಂದ ಬರುತ್ತಿದೆಯೆಂದು ಬೆಳೆಗಾರರು ವರ್ಷಗಟ್ಟಲೆ ಕೂಗಿಕೊಂಡರು. ಸುಂಕವನ್ನು ಮುಟ್ಟಲಾಗದ ಸರಕಾರ ಕೊನೆಗೆ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿಗಳ ಕನಿಷ್ಠ ಆಮದು ಬೆಲೆಯೆಂಬ ಅಡ್ಡದಾರಿ ಹಿಡಿಯಿತು. ಮುಂಬಾಗಿಲಿಗೆ ತಾನೇ ಬೀಗ ಹಾಕಿ ಕಿಟಕಿಯಿಂದ ಮನೆಯೊಳಗೆ ಹೋಗುವ ಯಜಮಾನನ ಸ್ಥಿತಿ!

ನಾವು ವ್ಯಾಪಾರದ ವಿರೋಧಿಗಳಲ್ಲ. ಪ್ರವಾದಿ ಮುಹಮ್ಮದ್(ಸ)ರು ಸ್ವತಃ ವ್ಯಾಪಾರಿಯಾಗಿದ್ದರು. ಹಝ್ರತ್ ಖದೀಜಾ(ರ)ರವರ ಸರಕನ್ನು ಸಿರಿಯಾಕ್ಕೆ ಒಯ್ದವರು. ಸಾಗರದಾಚೆಯ ವ್ಯಾಪಾರದಿಂದ ಬದುಕಿದ ಕರಾವಳಿ ನಮ್ಮದು. ವ್ಯಾಪಾರವನ್ನು ಧರ್ಮಸಮ್ಮತಗೊಳಿಸಿದ ಪವಿತ್ರ ಕುರ್‌ಆನ್ ಅಳತೆ ತೂಕಗಳಲ್ಲಿ ಮೋಸ ಮಾಡುವವರಿಗೆ ಕಠಿಣ ಎಚ್ಚರಿಕೆಯನ್ನೂ ಕೊಟ್ಟಿದೆ. ನಮ್ಮ ತಕರಾರು ತಕ್ಕಡಿಯ ಬಗ್ಗೆ. ಬಂಡವಾಳವು ದೇಶದಿಂದ ದೇಶಕ್ಕೆ ಹಾರಬಹುದು, ಸರಕು ಹರಿಯಬಹುದು, ಕೂಲಿ ಮಾತ್ರ ಕೆಳಮುಖವಾಗಿ ಇಳಿಯಬೇಕೆಂಬುದು ಯಾವ ತೂಕ?

ಒಪ್ಪಂದಗಳ ಪಕ್ಷಪಾತಿಗಳು ಉದ್ಯೋಗದ ಲೆಕ್ಕ ತೋರಿಸುತ್ತಾರೆ. ಸ್ವಿಟ್ಝರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್‌ಗಳ ಗುಂಪಿನೊಂದಿಗೆ 2024ರ ಮಾರ್ಚ್‌ನಲ್ಲಿ ಸಹಿಯಾದ ಒಪ್ಪಂದವು 15 ವರ್ಷಗಳಲ್ಲಿ 10 ಸಾವಿರ ಕೋಟಿ ಡಾಲರ್ ಹೂಡಿಕೆ, 10 ಲಕ್ಷ ಉದ್ಯೋಗಗಳ ಗುರಿಯನ್ನು ಹೇಳುತ್ತದೆ. ಮಾತು ತಪ್ಪಿದರೆ ಭಾರತವು ಸುಂಕದ ರಿಯಾಯಿತಿಯನ್ನು ಹಿಂಪಡೆಯಬಹುದೆಂಬ ಷರತ್ತೂ ಇದೆ, ಅದನ್ನು ಒಪ್ಪುತ್ತೇವೆ. ಆದರೆ ಹದಿನೈದು ವರ್ಷ ಕಾದು, ಮಾತುಕತೆಯ ಮೆಟ್ಟಿಲುಗಳನ್ನೆಲ್ಲ ಹತ್ತಿದ ಮೇಲೆ! ಅದೇ ಒಪ್ಪಂದದಲ್ಲಿ ಕಾರ್ಮಿಕರ ಹಕ್ಕುಗಳನ್ನು ಗೌರವಿಸುವ ಮಾತುಗಳೂ ಇವೆ. ಅವು ಉಲ್ಲಂಘನೆಯಾದರೆ ಮಾತ್ರ ಮಧ್ಯಸ್ಥಿಕೆಯ ಮಂಡಳಿಯ ಮುಂದೆ ಹೋಗುವಂತಿಲ್ಲ. ಸರಕಿಗೆ ನ್ಯಾಯಮಂಡಳಿ, ಕೂಲಿಯಾಳಿಗೆ ಸದಾಶಯ.

ಬ್ರಿಟನ್ ಜೊತೆ 2025ರ ಜುಲೈ 24ರಂದು ಸಹಿಯಾದ ಒಪ್ಪಂದದಿಂದ ನಮ್ಮ ಸಿದ್ಧ ಉಡುಪಿಗೆ ಸುಂಕದ ಹೊರೆ ತಪ್ಪಿ ಬೇಡಿಕೆ ಹೆಚ್ಚುವುದೆಂದು ಹೇಳಲಾಯಿತು. ಹೆಚ್ಚಬಹುದು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಸೋದರಿಯರಿಗೆ ಅದರಲ್ಲಿ ಎಷ್ಟು ಪಾಲು? 2020ರ ಏಪ್ರಿಲ್‌ನಿಂದ ಅವರಿಗೆ ಸಲ್ಲಬೇಕಿದ್ದ ತುಟ್ಟಿಭತ್ಯೆಯ ಏರಿಕೆ ತಿಂಗಳಿಗೆ ಕೇವಲ 417 ರೂಪಾಯಿ ಚಿಲ್ಲರೆ. ಕಾನೂನುಬದ್ಧವಾದ ಆ ಮೊತ್ತವನ್ನೇ ಹಲವು ಕಾರ್ಖಾನೆಗಳು ಒಂದು ವರ್ಷಕ್ಕೂ ಮೀರಿ ಕೊಡಲಿಲ್ಲ. ಕೋರ್ಟು, ಕಾರ್ಮಿಕ ಸಂಘ, ವಿದೇಶಿ ಗಿರಾಕಿಗಳ ಒತ್ತಡ, ಇಷ್ಟೂ ಬೇಕಾಯಿತು. 417 ರೂಪಾಯಿಗೆ ಇಷ್ಟು ಸತಾಯಿಸಿದವರು ಲಂಡನ್ನಿನಲ್ಲಿ ಉಳಿದ ಸುಂಕವನ್ನು ತಾವಾಗಿ ಕೂಲಿಯ ಲಕೋಟೆಗೆ ತುಂಬುವರೆಂದು ನಂಬುವಷ್ಟು ಮುಗ್ಧರೇ ನಾವು? ಮತ್ತೊಂದೆಡೆ, 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹೊಸ ನಿಯಮದ ವಿರುದ್ಧ ಇದೇ ಹೆಣ್ಣುಮಕ್ಕಳು ಬೆಂಗಳೂರಿನ ಹೆದ್ದಾರಿಗೆ ಇಳಿದಾಗ ಕೇಂದ್ರ ಸರಕಾರ ಒಂದೆರಡು ದಿನಗಳಲ್ಲೇ ಆ ನಿಯಮವನ್ನು ಹಿಂಪಡೆದಿತ್ತು. ಯಾವ ಒಪ್ಪಂದವೂ ಕೊಡಿಸದ್ದನ್ನು ಅವರ ಕಾಲುಗಳು ಕೊಡಿಸಿದವು.

‘ಕೂಲಿ ಹೆಚ್ಚಿಸಿದರೆ ಆರ್ಡರು ಢಾಕಾಕ್ಕೆ ಹೋದೀತು’ ಎಂಬ ಬೆದರಿಕೆ ಇಲ್ಲಿ ಹಳೆಯದು. ಢಾಕಾದ ಹೆಣ್ಣುಮಕ್ಕಳಿಗೆ ಬೇರೊಂದು ದೇಶದ ಹೆಸರು ಹೇಳಿ ಹೆದರಿಸಲಾಗುತ್ತದೆ. 2013ರ ಏಪ್ರಿಲ್ 24ರಂದು ಢಾಕಾದ ಬಳಿ ರಾಣಾ ಪ್ಲಾಝಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು; ಗೋಡೆ ಬಿರುಕು ಬಿಟ್ಟದ್ದನ್ನು ಹಿಂದಿನ ದಿನವೇ ಕಂಡಿದ್ದ ಅವರನ್ನು ಒಳಗೆ ಕಳುಹಿಸಲಾಗಿತ್ತು. ಅವರು ನಮ್ಮ ಅನ್ನ ಕಸಿದ ಶತ್ರುಗಳಲ್ಲ, ಅದೇ ಹೊಲಿಗೆ ಯಂತ್ರದ ಮುಂದಿನ ಸೋದರಿಯರು. ಚೀನಾದ, ವಿಯೆಟ್ನಾಮಿನ ಕಾರ್ಮಿಕನನ್ನು ಶಪಿಸುವ ದೇಶಭಕ್ತಿಯೂ ನಮಗೆ ಬೇಡ.

ಇನ್ನು ಮನೆಯೊಳಗಿನ ಮಾತು. ಇದು ಕೆಲವರಿಗೆ ಕಹಿಯಾದೀತು. ಉದಾರೀಕರಣವು ಮುಸ್ಲಿಮರನ್ನು ಅವರ ಪಾರಂಪರಿಕ ವೃತ್ತಿಗಳಿಂದ ಹೇಗೆ ಒಕ್ಕಲೆಬ್ಬಿಸಿತೆಂಬ ದೂರನ್ನು 2006ರ ಸಾಚಾರ್ ಸಮಿತಿಯ ವರದಿಯು ದಾಖಲಿಸಿತು. ರೇಷ್ಮೆಯೂ ಆ ವೃತ್ತಿಗಳಲ್ಲೊಂದು. ಆ ವರದಿಯನ್ನು ನಾವು ವೇದಿಕೆಗಳಲ್ಲಿ ಎಷ್ಟೋ ಬಾರಿ ಎತ್ತಿ ಹಿಡಿದಿದ್ದೇವೆ. ಆದರೆ ಕರ್ನಾಟಕದ ರೇಷ್ಮೆ ಘಟಕಗಳಲ್ಲಿ ಮುಂಗಡ ಸಾಲಕ್ಕೆ ಮಕ್ಕಳನ್ನು ದುಡಿಸಿಕೊಳ್ಳುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಬರೆದಾಗ ನಮ್ಮ ಎಷ್ಟು ಜಮಾಅತ್‌ಗಳು ಅದನ್ನು ಚರ್ಚಿಸಿದವು? ಆ ಮಕ್ಕಳಲ್ಲಿ ನಮ್ಮ ಮಕ್ಕಳಿದ್ದರು, ಆ ಮಾಲೀಕರಲ್ಲೂ ನಮ್ಮವರಿದ್ದರು. ಜೀತ ಪದ್ಧತಿ 1976ರ ಕಾನೂನಿನಲ್ಲೇ ರದ್ದಾಗಿದೆ. ದುಡಿದವನ ಬೆವರು ಆರುವ ಮುನ್ನ ಕೂಲಿ ಸಲ್ಲಿಸಬೇಕೆಂಬ ಪ್ರವಾದಿವರ್ಯರ(ಸ) ಆದೇಶ ಅದಕ್ಕಿಂತ ಹದಿಮೂರು ಶತಮಾನ ಹಳೆಯದು. ಚೀನಾದ ನೂಲು ಬಂತೆಂದು ಮಾಲೀಕ ಮೊದಲು ಕತ್ತರಿಸಿದ್ದು ತನ್ನ ಮಗಳ ಮದುವೆಯ ಖರ್ಚನ್ನಲ್ಲ, ಬೇಸಿನ್ನಿನ ಹೆಂಗಸಿನ ಕೂಲಿಯನ್ನು. ದಿಲ್ಲಿಯ ಅನ್ಯಾಯವು ಗಲ್ಲಿಯ ಅನ್ಯಾಯಕ್ಕೆ ಪರವಾನಗಿಯಾಗಲಾರದು.

ಭಾರತದಲ್ಲಿ ವ್ಯಾಪಾರ ಒಪ್ಪಂದಕ್ಕೆ ಸಂಸತ್ತಿನ ಮತ ಬೇಕಿಲ್ಲ. ಕೃಷಿಯು ರಾಜ್ಯಗಳ ವಿಷಯವಾದರೂ ರಾಜ್ಯಗಳ ಒಪ್ಪಿಗೆ ಬೇಕಿಲ್ಲ. ಸಹಿಯಾದ ಮೇಲೆ ಪಟ್ಟಿಯನ್ನು ಓದುವುದಷ್ಟೇ ನಮ್ಮ ಪಾಲಿನ ಪ್ರಜಾಪ್ರಭುತ್ವ. 2019ರ ನವೆಂಬರ್‌ನಲ್ಲಿ ಏಷ್ಯಾದ ರಾಷ್ಟ್ರಗಳ ಆರ್‌ಸಿಇಪಿ ಒಪ್ಪಂದದಿಂದ ಭಾರತ ಕೊನೆಯ ಗಳಿಗೆಯಲ್ಲಿ ಹೊರಗುಳಿಯಿತು. ಹೈನುಗಾರರು, ರೈತರು ಸಹಿಗೆ ಮುಂಚೆಯೇ ಗಟ್ಟಿಯಾಗಿ ಮಾತನಾಡಿದ್ದು ಅದಕ್ಕೆ ಒಂದು ಕಾರಣ. ನೂಲು ಬಿಚ್ಚುವವರೂ ಹೊಲಿಗೆಯವರೂ ಅಂದು ಆ ಸಾಲಿನಲ್ಲಿ ಕಾಣಲಿಲ್ಲ. ರೀಲರುಗಳ ಸಂಘಗಳು ಆಮದು ಸುಂಕಕ್ಕಾಗಿ ದಿಲ್ಲಿಗೆ ಮತ್ತೆ ಮನವಿ ಒಯ್ಯಲಿವೆ. ನಾವೂ ಆ ಮನವಿಗೆ ಸಹಿ ಹಾಕುತ್ತೇವೆ. ಆದರೆ ಸುಂಕ ಇಷ್ಟಿರಬೇಕೆಂಬ ಸಾಲಿನ ಕೆಳಗೆ, ಸುಂಕ ಏರಿದ ದಿನದಿಂದ ಬೇಸಿನ್ನಿನ ಕೂಲಿ ಇಷ್ಟು ಎಂಬ ಇನ್ನೊಂದು ಸಾಲನ್ನು ಬರೆದು, ಅದಕ್ಕೆ ಮಾಲೀಕರೂ ಮೊದಲೇ ಸಹಿ ಮಾಡಿರಬೇಕು.