ತಪ್ಪು ಹುಡುಕುವ ವಿದ್ಯೆಗೆ ಅಂಕವಿಲ್ಲ

ಸಂಜೆ ಆರೂವರೆಯಾದರೆ ಸಾಕು, ನಮ್ಮ ಮನೆಯ ವಿಮಾನ ತಲೆಕೆಳಗಾಗುತ್ತಿತ್ತು. ವಿಮಾನವೆಂದರೆ ಕಂಪ್ಯೂಟರ್ ಪರದೆಯ ಮೇಲೆ ಹಾರುವ ಆಟದ ವಿಮಾನ. ಅದನ್ನು ಹಾರಿಸುತ್ತಿದ್ದವನು ತಿಪಟೂರಿನಿಂದ ಓದಲೆಂದು ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿರುವ ನನ್ನ ತಂಗಿಯ ಮಗ. ಹಗಲೆಲ್ಲ ಹೇಳಿದಂತೆ ಕೇಳುತ್ತಿದ್ದ ಅವನ ಸಾಧನ ಸಂಜೆಯಾಗುತ್ತಲೇ ಹುಚ್ಚು ಹಿಡಿದಂತೆ ವರ್ತಿಸಿ, ಕಾಕ್‌ಪಿಟ್‌ನ ನೋಟವನ್ನು ಒಮ್ಮೆ ಆಕಾಶಕ್ಕೆ, ಒಮ್ಮೆ ಪಾತಾಳಕ್ಕೆ ಎಸೆಯುತ್ತಿತ್ತು. ಎರಡು ವಾರ ಕಾಡಿದ ಈ ಸಮಸ್ಯೆಗೆ ಕೊನೆಗೆ ಸಿಕ್ಕ ಕಾರಣವನ್ನು ಕೇಳಿದರೆ ಓದುಗರಿಗೆ ನಗು ಬರಬಹುದು. ಆದರೆ ಮೂವತ್ತು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಆ ಹುಡುಕಾಟದ ಹಾದಿಯಲ್ಲಿ ಆದ ಮುಜುಗರ ನಗುವಂಥದ್ದಲ್ಲ. ಈ ಬರಹಕ್ಕೆ ಕಾರಣವೂ ಅದೇ.

ಸಾಧನದ ಹೆಸರು ಹೆಡ್ ಟ್ರ್ಯಾಕರ್. ನಿಜವಾದ ವಿಮಾನದಲ್ಲಿ ಪೈಲಟ್ ಕತ್ತು ತಿರುಗಿಸಿ ಪಕ್ಕದ ಕಿಟಕಿಯಾಚೆ ನೋಡಬಲ್ಲ. ಕಂಪ್ಯೂಟರ್ ಆಟದಲ್ಲಿ ಪರದೆ ಮಾತ್ರ ಎದುರಿಗೇ ಇರುತ್ತದೆ. ಆಟಗಾರನ ತಲೆ ಎತ್ತ ತಿರುಗಿತು, ಎಷ್ಟು ಬಾಗಿತು ಎಂಬುದನ್ನು ಕಂಪ್ಯೂಟರಿಗೆ ತಿಳಿಸಿದರೆ ಅದು ನೋಟವನ್ನೂ ಅದಕ್ಕೆ ತಕ್ಕಂತೆ ಹೊರಳಿಸುತ್ತದೆ. ಇದಕ್ಕಾಗಿ ಹೆಡ್‌ಫೋನಿಗೆ ಮೂರು ಪುಟ್ಟ ಅವಕೆಂಪು ದೀಪಗಳನ್ನು ಸಿಕ್ಕಿಸುತ್ತಾರೆ. ಪರದೆಯ ಮೇಲಿನ ಕ್ಯಾಮೆರಾ ಆ ಮೂರು ಚುಕ್ಕೆಗಳನ್ನು ಮಾತ್ರ ಗಮನಿಸುತ್ತದೆ. ಚುಕ್ಕೆಗಳ ನಡುವಿನ ಅಂತರ ಹೇಗೆ ಬದಲಾಯಿತೆಂಬುದರಿಂದ ತಲೆಯ ಮೂರು ಬಗೆಯ ತಿರುಗುವಿಕೆಯನ್ನೂ ಮೂರು ಬಗೆಯ ಸರಿಯುವಿಕೆಯನ್ನೂ ತಂತ್ರಾಂಶ ಲೆಕ್ಕ ಹಾಕುತ್ತದೆ.

ಸಿದ್ಧ ಸಾಧನ ವಿದೇಶದಿಂದ ಬರಬೇಕು. ಬೆಲೆ ಹತ್ತು ಸಾವಿರ ರೂಪಾಯಿ ಮೀರುತ್ತದೆ. ಆದರೆ ಇದರ ಹಿಂದಿನ ವಿದ್ಯೆ ಗುಟ್ಟಿನದಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಜಾನಿ ಚುಂಗ್ ಲೀ 2007ರಲ್ಲಿ ವೀ ಎಂಬ ಆಟದ ಯಂತ್ರದ ರಿಮೋಟನ್ನೇ ಬಳಸಿ ಇಂಥದೊಂದನ್ನು ಮಾಡಿ ಜಗತ್ತಿಗೆ ತೋರಿಸಿದ್ದರು. ಓಪನ್‌ಟ್ರ್ಯಾಕ್ ಎಂಬ ಮುಕ್ತ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. 'ಮಾವ, ಇದನ್ನ ನಾವೇ ಮಾಡಬಹುದು' ಎಂದ ಹುಡುಗ. 'ಮೊದಲು ಸಿಇಟಿಗೆ ಓದು' ಎಂಬುದು ನನ್ನ ಉತ್ತರವಾಗಿತ್ತು. ಆದರೂ ಒಂದು ಶನಿವಾರ ಎಸ್.ಪಿ. ರಸ್ತೆಗೆ ಅವನ ಜೊತೆ ಹೋದೆ. ಎಲ್‌ಇಡಿ, ರೆಸಿಸ್ಟರ್ ಮತ್ತು ಒಂದು ಹಳೆಯ ವೆಬ್‌ಕ್ಯಾಮ್, ಎಲ್ಲ ಸೇರಿ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯಿತು.

ಮೊದಲ ತಪ್ಪು ನನ್ನದೇ. ಯುಎಸ್‌ಬಿ ತಂತಿಯಲ್ಲಿ ಸಿಗುವುದು 5 ವೋಲ್ಟ್. ಒಂದು ಎಲ್‌ಇಡಿಗೆ 2 ವೋಲ್ಟ್ ಬೇಕು, ಮೂರನ್ನು ಸರಣಿಯಲ್ಲಿ ಜೋಡಿಸಿದರೆ 6 ವೋಲ್ಟ್ ಆಗುತ್ತದೆ, ಆದ್ದರಿಂದ ಉರಿಯಲಾರದು ಎಂದು ತೀರ್ಪು ಕೊಟ್ಟೆ. ಪ್ರಯೋಗಾಲಯದ ಕೆಂಪು ಎಲ್‌ಇಡಿಗಳನ್ನೇ ನೋಡಿ ಅಭ್ಯಾಸವಾಗಿದ್ದವನ ಉತ್ತರ ಅದು. ಹುಡುಗ ತಯಾರಕರ ವಿವರಪತ್ರವನ್ನು ತೆರೆದು ತೋರಿಸಿದ. ಅವಕೆಂಪು ಎಲ್‌ಇಡಿಗೆ ಸುಮಾರು 1.4 ವೋಲ್ಟ್ ಸಾಕು. ಮೂರಕ್ಕೆ 4.2 ವೋಲ್ಟ್ ಹೋದರೆ ಉಳಿಯುವುದು 0.8. ನಲವತ್ತು ಮಿಲಿಆಂಪಿಯರ್ ಹರಿಯಬೇಕಾದರೆ 20 ಓಮ್‌ನ ರೆಸಿಸ್ಟರ್. ಮೂವತ್ತು ವರ್ಷ ನಾನು ಕಪ್ಪುಹಲಗೆಯ ಮೇಲೆ ಬರೆದ ಓಮನ ನಿಯಮವನ್ನು ಅವನು ನನ್ನೆದುರಿಗೇ ಬಳಸಿದ. ನಿಯಮ ನನಗೆ ಗೊತ್ತಿತ್ತು. ಕೈಯಲ್ಲಿದ್ದ ವಸ್ತು ಯಾವುದೆಂದು ನೋಡುವ ತಾಳ್ಮೆ ಇರಲಿಲ್ಲ.

ಬೆಸುಗೆ ಮುಗಿದ ಮೇಲೆ ದೀಪಗಳು ಉರಿಯುತ್ತಿವೆಯೇ ಎಂದು ನೋಡಬೇಕಾಯಿತು. ಅವಕೆಂಪು ಬೆಳಕು ಕಣ್ಣಿಗೆ ಕಾಣದು, ಮೊಬೈಲಿನ ಕ್ಯಾಮೆರಾಕ್ಕೆ ಕಾಣುತ್ತದೆ ಎನ್ನುತ್ತಾರೆ. ಮೊಬೈಲ್ ಹಿಡಿದರೆ ಏನೂ ಕಾಣಲಿಲ್ಲ. ಎಲ್ಲವನ್ನೂ ಕಿತ್ತು ಮತ್ತೆ ಬೆಸುಗೆ ಹಾಕಲು ಹೊರಟವನನ್ನು ತಡೆದು, ಟಿ.ವಿ. ರಿಮೋಟನ್ನು ಅದೇ ಕ್ಯಾಮೆರಾದ ಮುಂದೆ ಒತ್ತಿ ನೋಡಲು ಹೇಳಿದೆ. ರಿಮೋಟ್ ಕೂಡ ಕತ್ತಲಾಗಿಯೇ ಇತ್ತು. ಎಂದರೆ ಆ ಬೆಳಕಿಗೆ ಕುರುಡಾಗಿದ್ದುದು ಹಿಂಬದಿಯ ಕ್ಯಾಮೆರಾ. ಮುಂಬದಿಯ ಕ್ಯಾಮೆರಾದಲ್ಲಿ ರಿಮೋಟಿನ ತುದಿ ನೇರಳೆಯಾಗಿ ಮಿನುಗಿತು. ನಮ್ಮ ದೀಪಗಳು ಅಲ್ಲಿಯೂ ಮಿನುಗಲಿಲ್ಲ. ಈಗ ಮಾತ್ರ ದೋಷ ನಮ್ಮದೆಂದು ಖಚಿತವಾಯಿತು. ಮೂರರಲ್ಲಿ ಒಂದನ್ನು ತಿರುಗುಮುರುಗಾಗಿ ಜೋಡಿಸಿದ್ದೆವು. ಸರಣಿಯಲ್ಲಿ ಒಂದು ತಿರುಗಿದರೆ ಮೂರೂ ಆರುತ್ತವೆ. ಅಳೆಯುವ ಸಾಧನವನ್ನು ಮೊದಲು ಪರೀಕ್ಷಿಸು, ಅಳೆಯಬೇಕಾದ ವಸ್ತುವನ್ನು ಆಮೇಲೆ ಅನುಮಾನಿಸು ಎಂಬ ಪಾಠವನ್ನು ಪುಸ್ತಕದಿಂದ ಎಷ್ಟೋ ಸಲ ಓದಿ ಹೇಳಿದ್ದೇನೆ. ಅದು ಕೆಲಸಕ್ಕೆ ಬಂದುದನ್ನು ಕಂಡದ್ದು ಅಂದೇ.

ಮೂರನೆಯ ತೊಡಕು ಕ್ಯಾಮೆರಾದ್ದು. ಸಾಮಾನ್ಯ ವೆಬ್‌ಕ್ಯಾಮಿನಲ್ಲಿ ಅವಕೆಂಪನ್ನು ತಡೆಯುವ ಪುಟ್ಟ ಗಾಜೊಂದಿರುತ್ತದೆ. ಅದನ್ನು ತೆಗೆದು, ಮಾಮೂಲಿ ಬೆಳಕನ್ನು ತಡೆದು ಅವಕೆಂಪನ್ನು ಮಾತ್ರ ಬಿಡುವ ಪರದೆಯನ್ನು ಅಲ್ಲಿಡಬೇಕು. ಬೆಳಕು ಬಿದ್ದು ಕಪ್ಪಾದ ಹಳೆಯ ಫಿಲ್ಮ್ ನೆಗೆಟಿವ್ ಇದಕ್ಕೆ ಸಾಕಾಗುತ್ತದೆ. ನನ್ನ ತಂದೆಯವರ ಪೆಟ್ಟಿಗೆಯಲ್ಲಿದ್ದ ನೆಗೆಟಿವ್ ಒಂದರ ತುದಿಯನ್ನು ಕತ್ತರಿಸಿ ಕೊಟ್ಟೆ. ಚಿತ್ರ ಪೂರ್ತಿ ಕತ್ತಲಾಯಿತು. ಅದು ಕಪ್ಪುಬಿಳುಪು ಫಿಲ್ಮ್. ಅದರ ಕಪ್ಪು ಬೆಳ್ಳಿಯ ಕಣಗಳಿಂದಾದದ್ದು. ಬೆಳ್ಳಿ ಅವಕೆಂಪನ್ನೂ ತಡೆಯುತ್ತದೆ. ಬಣ್ಣದ ಫಿಲ್ಮಿನ ಕಪ್ಪು ವರ್ಣದ್ರವ್ಯಗಳದು; ಅವು ಅವಕೆಂಪಿಗೆ ಪಾರದರ್ಶಕ. ನನ್ನ ಮದುವೆಯ ಬಣ್ಣದ ರೋಲಿನ ತುದಿಯನ್ನಿಟ್ಟಾಗ ಕಪ್ಪು ಪರದೆಯ ಮೇಲೆ ಮೂರು ಬಿಳಿ ಚುಕ್ಕೆಗಳು ಮೂಡಿದವು. ಬರಿಗಣ್ಣಿಗೆ ಒಂದೇ ಆಗಿ ಕಾಣುವ ಎರಡು ಕಪ್ಪುಗಳು ಬೇರೆಬೇರೆ ಎಂಬುದು ನನಗೆ ಆ ದಿನ ತಿಳಿಯಿತು.

ಅನಂತರ ಅಳತೆಯ ಸರದಿ. ಎಡಕ್ಕೆ ನೋಡಿದರೆ ನೋಟ ಎಡಕ್ಕೆ ತಿರುಗುವುದರ ಜೊತೆಗೆ ಪಕ್ಕಕ್ಕೂ ಜಾರುತ್ತಿತ್ತು. ದೀಪಗಳ ನಡುವಿನ ದೂರವನ್ನು ಹುಡುಗ ಅಂದಾಜಿನ ಮೇಲೆ ತುಂಬಿದ್ದ. ಮೂರೇ ಚುಕ್ಕೆಗಳಿಂದ ವಸ್ತುವಿನ ನಿಲುವನ್ನು ಕಂಡುಹಿಡಿಯುವ ಲೆಕ್ಕಕ್ಕೆ ನಾಲ್ಕರವರೆಗೆ ಉತ್ತರಗಳಿರಬಹುದು. ಸರಿಯಾದದ್ದನ್ನು ಆರಿಸಿಕೊಳ್ಳಬೇಕಾದರೆ ತಂತ್ರಾಂಶಕ್ಕೆ ಕೊಡುವ ಅಳತೆಗಳಾದರೂ ನೆಟ್ಟಗಿರಬೇಕು. ಸ್ಕೇಲ್ ಹಿಡಿದು ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ತುಂಬಿದ ಮೇಲೆ ನೋಟ ಹದಕ್ಕೆ ಬಂತು.

ಉಳಿದದ್ದು ಸಂಜೆಯ ಹುಚ್ಚು. ಹುಡುಗ ತಂತ್ರಾಂಶವನ್ನು ಮೂರು ಸಲ ಅಳಿಸಿ ಹಾಕಿದ. ಒಂದೇ ಏಟಿಗೆ ಐದಾರು ಸೆಟ್ಟಿಂಗ್ ಬದಲಿಸಿದ. ಕೃತಕ ಬುದ್ಧಿಮತ್ತೆಯನ್ನು ಕೇಳಿದ. ಅದು ಹತ್ತು ಸಂಭಾವ್ಯ ಕಾರಣಗಳ ಪಟ್ಟಿ ಕೊಟ್ಟಿತು. ಪಟ್ಟಿಯೇನೋ ಒಳ್ಳೆಯದೇ. ಆದರೆ ಹತ್ತರಲ್ಲಿ ನಮ್ಮ ಮನೆಯ ಕಾರಣ ಯಾವುದೆಂದು ನಮ್ಮ ಮನೆಯಲ್ಲಿ ಕುಳಿತು ನೋಡಿದವರಷ್ಟೇ ಹೇಳಬಲ್ಲರು. ಒಂದು ನೋಟ್‌ಬುಕ್ ಇಡಲು ಹೇಳಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಏನು ಬದಲಿಸಿದೆ, ಏನಾಯಿತು, ಎಷ್ಟು ಗಂಟೆಗೆ ಎಂದು ಬರೆಯಬೇಕು. ನಾಲ್ಕು ದಿನಗಳ ನಂತರ ಗಂಟೆಯ ಕಾಲಮ್ಮೇ ಮಾತನಾಡಿತು: 6.20, 6.35, 6.25, 6.30. ಪಡುವಣ ಕಿಟಕಿಯ ಬಿಸಿಲಿರಬಹುದೆಂದು ಪರದೆ ಎಳೆದೆವು, ತೊಂದರೆ ಹೋಗಲಿಲ್ಲ. ಐದನೆಯ ಸಂಜೆ ಆಟ ಬಿಟ್ಟು ಕ್ಯಾಮೆರಾದ ಚಿತ್ರವನ್ನೇ ನೋಡುತ್ತ ಕುಳಿತೆವು. ಆರೂವರೆಯ ಹೊತ್ತಿಗೆ ಅಲ್ಲಿ ನಾಲ್ಕನೆಯ ಚುಕ್ಕೆಯೊಂದು ಹುಟ್ಟಿತು. ಅದು ಸಣ್ಣಗೆ ನಡುಗುತ್ತಿತ್ತು. ಹಿಂತಿರುಗಿ ನೋಡಿದರೆ ನನ್ನ ಹೆಂಡತಿ ದೇವರ ಕೋಣೆಯಲ್ಲಿ ದೀಪ ಹಚ್ಚಿ ಕೈಮುಗಿಯುತ್ತಿದ್ದಳು.

ಎಣ್ಣೆದೀಪದ ಜ್ವಾಲೆ ಕಣ್ಣಿಗೆ ಕಾಣುವ ಬೆಳಕಿಗಿಂತ ಎಷ್ಟೋ ಹೆಚ್ಚು ಅವಕೆಂಪನ್ನು ಚೆಲ್ಲುತ್ತದೆ. ನಮ್ಮ ಕ್ಯಾಮೆರಾ ಅದನ್ನೂ ತಲೆಯ ಮೇಲಿನ ದೀಪವೆಂದೇ ತಿಳಿದಿತ್ತು. ದೇವರ ದೀಪ ಆರಿಸುವ ಮಾತನ್ನು ಯಾರೂ ಎತ್ತಲಿಲ್ಲ. ಕ್ಯಾಮೆರಾ ಬೆಳಕನ್ನು ಗ್ರಹಿಸುವ ಅವಧಿಯನ್ನು ಕಡಿಮೆ ಮಾಡಿ, ಮಂದವಾದ ಚುಕ್ಕೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಿತಿ ಏರಿಸಿ, ಮೇಜನ್ನು ಒಂದಿಷ್ಟು ತಿರುಗಿಸಿದೆವು. ಅಂದಿನಿಂದ ವಿಮಾನ ನೆಟ್ಟಗೆ ಹಾರುತ್ತಿದೆ.

ಇಷ್ಟೆಲ್ಲ ಒಂದು ಆಟಕ್ಕಾಗಿ ಬೇಕಿತ್ತೇ ಎಂದು ಕೇಳುವವರಿದ್ದಾರೆ. ನಾನೂ ಕೇಳಿದವನೇ. ತಲೆಯ ಚಲನೆಯನ್ನು ಕ್ಯಾಮೆರಾದಿಂದ ಗುರುತಿಸುವ ಇದೇ ವಿದ್ಯೆ, ಕೈಗಳನ್ನು ಆಡಿಸಲಾಗದವರಿಗೆ ಮೌಸ್ ಆಗಿಯೂ ನೆರವಾಗುತ್ತದೆ; ಬಾಸ್ಟನ್ ಕಾಲೇಜಿನಲ್ಲಿ ರೂಪುಗೊಂಡ ಕ್ಯಾಮೆರಾ ಮೌಸ್ ಎಂಬ ತಂತ್ರಾಂಶ ಅಂಥವರಿಗೆಂದೇ ಸಿದ್ಧವಾದದ್ದು. ಆದರೆ ಆಟಕ್ಕೆ ಇಂಥ ಸಮರ್ಥನೆ ಬೇಕಿಲ್ಲವೆಂದು ಈಗ ಅನ್ನಿಸುತ್ತದೆ. ಹೊತ್ತು ಗೊತ್ತಿಲ್ಲದೆ ಆಡುವ ಚಟ ಕೆಟ್ಟದ್ದೇ, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಎರಡು ವಾರ ಹುಡುಗ ಆಡಿದ್ದಕ್ಕಿಂತ ಅಳೆದದ್ದು, ಬರೆದದ್ದು, ಯೋಚಿಸಿದ್ದೇ ಹೆಚ್ಚು.

ಹೀಗೆ ಯೋಚಿಸುವಾಗ ನನ್ನ ಪ್ರಯೋಗಾಲಯದ ನೆನಪಾಗುತ್ತದೆ. ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ಪ್ರಾಯೋಗಿಕ ಪರೀಕ್ಷೆಗೆ 30 ಅಂಕಗಳಿವೆ. ಆ ಅಂಕಗಳನ್ನು ನಾವು ಹೇಗೆ ಕೊಡುತ್ತಿದ್ದೆವು? ಪ್ರಯೋಗ ಆರಂಭವಾಗುವ ಮೊದಲೇ ಉತ್ತರವೇನೆಂದು ಮಕ್ಕಳಿಗೆ ಗೊತ್ತಿರುತ್ತದೆ. ಗಾಜಿನ ವಕ್ರೀಭವನ ಸೂಚ್ಯಂಕ 1.5; ಗುರುತ್ವ ವೇಗೋತ್ಕರ್ಷ 9.8. ಜಾಣರು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುತ್ತಾರೆ. ಮೇಷ್ಟ್ರಿಗೂ ಇದು ತಿಳಿದಿರುತ್ತದೆ. ರೆಕಾರ್ಡ್ ಪುಸ್ತಕ ಅಂದವಾಗಿದ್ದರೆ ಸಹಿ ಬೀಳುತ್ತದೆ. ಉಪಕರಣ ಕೆಟ್ಟರೆ ಅಟೆಂಡರ್ ಬಂದು ಬೇರೆಯದನ್ನಿಟ್ಟು ಹೋಗುತ್ತಾನೆ. ಅದು ಏಕೆ ಕೆಟ್ಟಿತೆಂದು ಕೇಳುವುದಕ್ಕೆ ವೇಳಾಪಟ್ಟಿಯಲ್ಲಿ ಜಾಗವಿಲ್ಲ. ಪ್ರಯೋಗವೆಂದರೆ ಗೊತ್ತಿರುವ ಉತ್ತರವನ್ನು ಗೌರವಪೂರ್ವಕವಾಗಿ ತಲುಪುವ ವಿಧಿಯಾಗಿಬಿಟ್ಟಿದೆ.

ಒಬ್ಬ ವಿದ್ಯಾರ್ಥಿ ನನಗೆ ಇಂದಿಗೂ ನೆನಪಿದ್ದಾನೆ. ಸರಳ ಲೋಲಕದ ಪ್ರಯೋಗದಲ್ಲಿ ಅವನಿಗೆ ಬಂದ ಉತ್ತರ 10.8. ಅಕ್ಕಪಕ್ಕದವರೆಲ್ಲ 9.8ರ ಆಸುಪಾಸಿನಲ್ಲಿ ಬರೆದಿದ್ದರು. ಅವನು ತಿದ್ದಲಿಲ್ಲ. 'ಸರ್, ನನಗೆ ಬಂದದ್ದು ಇದೇ' ಎಂದ. ತಪ್ಪು ಉತ್ತರವೆಂದು ಅಂಕ ಕಡಿತ ಮಾಡಿ ಕಳುಹಿಸಿದೆ. ಹೆಡ್ ಟ್ರ್ಯಾಕರಿನ ನೋಟ್‌ಬುಕ್ ಮುಗಿದ ರಾತ್ರಿ ಆ 10.8 ಮತ್ತೆ ನೆನಪಾಗಿ ಲೆಕ್ಕ ಹಾಕಿ ನೋಡಿದೆ. ಲೋಲಕವನ್ನು ಬಿಟ್ಟು ಗಡಿಯಾರ ಒತ್ತುವಾಗ 'ಸೊನ್ನೆ' ಎನ್ನುವ ಬದಲು 'ಒಂದು' ಎಂದು ಎಣಿಕೆ ಆರಂಭಿಸಿದರೆ, ಇಪ್ಪತ್ತು ಆಂದೋಲನಗಳೆಂದು ತಿಳಿದದ್ದು ನಿಜದಲ್ಲಿ ಹತ್ತೊಂಬತ್ತಾಗಿರುತ್ತದೆ. ಆಗ ಬರುವ ಉತ್ತರ ಸುಮಾರು 10.8. ಇಡೀ ತರಗತಿಯಲ್ಲಿ ಪ್ರಾಮಾಣಿಕವಾಗಿ ಪ್ರಯೋಗ ಮಾಡಿದವನು ಬಹುಶಃ ಅವನೊಬ್ಬನೇ. 'ಎಣಿಕೆ ಹೇಗೆ ಶುರು ಮಾಡಿದೆ?' ಎಂಬ ಒಂದೇ ಪ್ರಶ್ನೆಯನ್ನು ನಾನು ಕೇಳಿದ್ದರೆ ಅವನು ಆ ದಿನ ಎಲ್ಲರಿಗಿಂತ ಹೆಚ್ಚು ಕಲಿತು ಹೋಗುತ್ತಿದ್ದ.

2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳನ್ನು ಐದು ವರ್ಷಗಳಲ್ಲಿ ಇನ್ನೂ 50,000 ಸರ್ಕಾರಿ ಶಾಲೆಗಳಿಗೆ ವಿಸ್ತರಿಸುವುದಾಗಿ 2025ರ ಕೇಂದ್ರ ಬಜೆಟ್ ಘೋಷಿಸಿತು. ಇದು ಸ್ವಾಗತಾರ್ಹ. ಆದರೆ ತ್ರೀ-ಡಿ ಪ್ರಿಂಟರ್ ಬಂದ ಮಾತ್ರಕ್ಕೆ ಮಕ್ಕಳಲ್ಲಿ ವೈಜ್ಞಾನಿಕ ಮನೋಭಾವ ಬೆಳೆಯುವುದಿಲ್ಲ. ಪೆಟ್ಟಿಗೆಯಲ್ಲಿ ಬಂದ ಕಿಟ್‌ನ ಭಾಗಗಳನ್ನು ಚಿತ್ರದಲ್ಲಿರುವಂತೆ ಜೋಡಿಸಿ, ವಸ್ತುಪ್ರದರ್ಶನದ ದಿನ ಅತಿಥಿಗಳಿಗೆ ತೋರಿಸಿ, ಮತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಅದು ಹಳೆಯ ರೆಕಾರ್ಡ್ ಪುಸ್ತಕದ ಹೊಸ ಅವತಾರವಷ್ಟೇ.

ಆಗಬೇಕಾದದ್ದು ದುಬಾರಿಯದೇನಲ್ಲ. ವರ್ಷಕ್ಕೆ ಒಂದೆರಡು ಪ್ರಯೋಗಗಳಲ್ಲಾದರೂ ಬೇಕೆಂದೇ ದೋಷವಿರುವ ಸರ್ಕೀಟನ್ನು ಮಕ್ಕಳ ಕೈಗೆ ಕೊಡಬಹುದು. ರೆಕಾರ್ಡ್ ಪುಸ್ತಕದಲ್ಲಿ 'ಫಲಿತಾಂಶ'ದ ಕೆಳಗೆ 'ಏನು ತಪ್ಪಿತು, ಹೇಗೆ ಪತ್ತೆಯಾಯಿತು' ಎಂಬ ಒಂದು ಪುಟ ಇಡಬಹುದು. ಮೂವತ್ತರಲ್ಲಿ ಐದು ಅಂಕಗಳನ್ನು ಆ ಪುಟಕ್ಕೆ ಮೀಸಲಿಡಬಹುದು. ಪಾಠ ಮುಗಿಸಲಿಕ್ಕೇ ಸಮಯವಿಲ್ಲ, ಸಿಇಟಿ, ನೀಟ್ ಕಾಯುತ್ತಿವೆ ಎಂಬ ಉಪನ್ಯಾಸಕರ ಅಳಲು ನನಗೆ ಹೊಸದಲ್ಲ. ನಾನೂ ಅದನ್ನೇ ಹೇಳಿಕೊಂಡು ಮೂವತ್ತು ವರ್ಷ ಕಳೆದೆ. ಆದರೆ ಮುಂದೆ ಈ ಮಕ್ಕಳು ವೈದ್ಯರಾದಾಗ, ಎಂಜಿನಿಯರರಾದಾಗ, ಅವರ ಮುಂದೆ ಬರುವ ರೋಗಿಯಾಗಲಿ ಯಂತ್ರವಾಗಲಿ ಉತ್ತರವನ್ನು ಮೊದಲೇ ಹೇಳಿ ಬರುವುದಿಲ್ಲ.

ನನ್ನ ಸೋದರಳಿಯನ ನೋಟ್‌ಬುಕ್ ಈಗ ನನ್ನ ಮೇಜಿನ ಮೇಲಿದೆ. ಅದರಲ್ಲಿ ಇಪ್ಪತ್ಮೂರು ಸಲ 'ಆಗಲಿಲ್ಲ' ಎಂದು ಬರೆದಿದೆ. ಒಂದೊಂದು 'ಆಗಲಿಲ್ಲ'ದ ಮುಂದೆಯೂ ಗಂಟೆ ನಮೂದಾಗಿದೆ. ನನ್ನ ವೃತ್ತಿಜೀವನದಲ್ಲಿ ನಾನು ಸಹಿ ಹಾಕಿದ ಸಾವಿರಾರು ರೆಕಾರ್ಡ್ ಪುಸ್ತಕಗಳಲ್ಲಿ ಆ ಪದವನ್ನು ಒಮ್ಮೆಯೂ ಕಂಡ ನೆನಪಿಲ್ಲ. 10.8 ಎಂದು ಬರೆದ ಆ ವಿದ್ಯಾರ್ಥಿ ಈಗ ಎಲ್ಲಿದ್ದಾನೋ. ಎಣಿಕೆಯನ್ನು ಸೊನ್ನೆಯಿಂದ ಆರಂಭಿಸಬೇಕಿತ್ತೆಂದು ಆಮೇಲೆ ಯಾರಾದರೂ ಅವನಿಗೆ ಹೇಳಿದರೋ ಇಲ್ಲವೋ. ಹೇಳಬೇಕಾಗಿದ್ದವನು ನಾನು.