ಯಾರ ಮಕ್ಕಳಿಗಾಗಿ ಈ ತೆರಿಗೆ?

ಮೊನ್ನೆ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಈಗ ಬೆಂಗಳೂರಿನಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾನೆ. ಕಾಫಿ ಕುಡಿಯುತ್ತಾ, "ಸಾರ್, ನನ್ನ ಮಕ್ಕಳು ಓದುವುದು ಖಾಸಗಿ ಶಾಲೆಯಲ್ಲಿ. ಅಲ್ಲಿ ಲಕ್ಷಗಟ್ಟಲೆ ಶುಲ್ಕ ಕಟ್ಟಿ, ಆದಾಯ ತೆರಿಗೆಯ ಮೇಲೆ ಶಿಕ್ಷಣದ ಉಪಕರವನ್ನೂ ನಾನೇಕೆ ಕಟ್ಟಬೇಕು? ಸರ್ಕಾರಿ ಶಾಲೆಗಳನ್ನು ದಾನಿಗಳು ನೋಡಿಕೊಳ್ಳಲಿ" ಎಂದ. ಮನೆಗೆ ಬಂದವನೊಡನೆ ವಾದಕ್ಕಿಳಿಯಲು ಮನಸ್ಸಾಗಲಿಲ್ಲ. ಅಂದು ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಆಕ್ಷೇಪ ಹೊಸದಲ್ಲ. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಪ್ರಾಥಮಿಕ ಶಿಕ್ಷಣದ ಮಸೂದೆ ಮಂಡಿಸಿ, ವೆಚ್ಚದ ಒಂದು ಪಾಲನ್ನು ಸ್ಥಳೀಯ ಸಂಸ್ಥೆಗಳು ತೆರಿಗೆಯ ಮೂಲಕ ಭರಿಸಲಿ, ಉಳಿದದ್ದನ್ನು ಸರ್ಕಾರ ಕೊಡಲಿ ಎಂದರು. ಜನರು ಹೊಸ ತೆರಿಗೆಯನ್ನು ಒಪ್ಪರೆಂಬುದೂ ಅಂದಿನ ವಿರೋಧದ ಒಂದು ಕಾರಣವಾಗಿತ್ತು. 1912ರಲ್ಲಿ 13ಕ್ಕೆ ಎದುರಾಗಿ 38 ಮತಗಳಿಂದ ಮಸೂದೆ ಬಿದ್ದುಹೋಯಿತು. ಆದರೆ ಮರುವರ್ಷವೇ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ನಮ್ಮ ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣಕ್ಕೆ ಕಾಯಿದೆ ತಂದಿತು.

ದಾನವನ್ನು ನಾನು ಹೀಗಳೆಯುವುದಿಲ್ಲ. ದಾನದಿಂದ ಒಂದು ಕೊಠಡಿ ಎದ್ದೀತು, ಗೋಡೆಗೆ ಸುಣ್ಣ ಬಿದ್ದೀತು. ಆದರೆ ತಿಂಗಳು ತಿಂಗಳೂ ಉಪಾಧ್ಯಾಯರ ಸಂಬಳ ದಾನದಿಂದ ನಡೆಯದು. ದಾನಿಯೇ ಇಲ್ಲದ ಊರಿನ ಮಗು ಏನು ಮಾಡಬೇಕು? ದಾನ ಪಡೆದವನು ಕೈಮುಗಿದು ನಿಲ್ಲಬೇಕು. ತೆರಿಗೆಯ ಶಾಲೆಗೆ ಬರುವ ಮಗು ತಲೆಯೆತ್ತಿ ಬರುತ್ತದೆ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಈಗ ಸಂವಿಧಾನದತ್ತ ಹಕ್ಕು, ಭಿಕ್ಷೆಯಲ್ಲ.

"ಆ ಶಾಲೆಗಳಲ್ಲಿ ಗುಣಮಟ್ಟವೆಲ್ಲಿದೆ?" ಎನ್ನುವಿರಿ. ಕುಸಿದಿರುವುದು ನಿಜ. ಅದರಲ್ಲಿ ನನ್ನ ಪಾಲೂ ಇದೆ. ಸರ್ಕಾರಿ ಸಂಬಳ ಪಡೆಯುತ್ತಲೇ ನನ್ನ ಮಗನನ್ನು ಖಾಸಗಿ ಶಾಲೆಗೆ ಕಳುಹಿಸಿದವನು ನಾನು. ನಮ್ಮಂಥವರ ಮಕ್ಕಳು ಹೊರನಡೆದಾಗ, ಪ್ರಶ್ನೆ ಕೇಳುವ ಪೋಷಕರೂ ಅವರೊಡನೆ ಹೊರನಡೆದರು. ಇದಕ್ಕೆ ಮದ್ದು ತೆರಿಗೆ ನಿಲ್ಲಿಸುವುದಲ್ಲ. ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು. 2004ರಲ್ಲಿ ತೆರಿಗೆಯ ಮೇಲೆ ನೂರಕ್ಕೆ 2ರಂತೆ ಬಂದ ಶಿಕ್ಷಣ ಉಪಕರ, 2018ರಿಂದ ಆರೋಗ್ಯವನ್ನೂ ಸೇರಿಸಿಕೊಂಡು 4 ಆಗಿದೆ. ಅದು ನಮ್ಮೂರ ಶಾಲೆಗೆ ಎಷ್ಟು ತಲುಪಿತೆಂದು ಕೇಳೋಣ.

ಅಯ್ಯಾ ಶಿಷ್ಯನೇ, ನೀನು ಹತ್ತನೆಯ ತರಗತಿಯಲ್ಲಿದ್ದಾಗ ನಿನ್ನ ತಂದೆ ಕೂಲಿ ಮಾಡುತ್ತಿದ್ದರು. ನಿನಗೆ ಗಣಿತ ಕಲಿಸಿದ ನನ್ನ ಸಂಬಳಕ್ಕೆ ಹಣ ಬಂದದ್ದು ಸಾಬೂನು, ಬೆಂಕಿಪೊಟ್ಟಣ ಕೊಂಡ ಸಾವಿರಾರು ಅಪರಿಚಿತರಿಂದ. ಅವರಲ್ಲಿ ಮಕ್ಕಳಿಲ್ಲದವರೂ ಇದ್ದರು. 'ಇವನಾರವ, ನಾನೇಕೆ ಕೊಡಲಿ' ಎಂದು ಅವರು ಕೇಳಲಿಲ್ಲ. ಈಗ ನಿನ್ನ ಸರದಿ ಬಂದಿದೆ.